ಸಕ್ಕುಬಾಯಿಯ ದದ್ದು, ರೇವಮ್ಮನ ಹಾಲು

ಎಲ್ಲಿಂದ ಶುರು ಮಾಡಲಿ? ತುರಿಕೆಯಿಂದಲೋ, ಹಾಲಿನಿಂದಲೋ? ಮೊದಲ ಡ್ರಾಫ್ಟನ್ನು ‘ಮಕ್ಕಳ ಆರೋಗ್ಯಕ್ಕೆ ಕ್ಯಾಲ್ಸಿಯಂ ಬಹಳ ಮುಖ್ಯ’ ಅಂತ ಶುರು ಮಾಡಿದ್ದೆ. ಓದಿದರೆ ನನಗೇ ಆಕಳಿಕೆ ಬಂತು. ಹರಿದು ಹಾಕಿದೆ.

೧

೧೯೩೮, ಜೇವರ್ಗಿ ಹತ್ತಿರದ ಇಜೇರಿ ಹಳ್ಳಿ. ನಾಲ್ಕು ವರ್ಷದ ಸಕ್ಕುಬಾಯಿಗೆ ಮೈತುಂಬ ಪಿತ್ತಗಂಧೆ: ಕೆಂಪು ದದ್ದು, ತಡೆಯಲಾರದ ತುರಿಕೆ. ಅವಳ ಅಜ್ಜಿ ರೇವಮ್ಮ ಕರಿ ಕಂಬಳಿ ಹೊದಿಸಿ ಮೈ ತಿಕ್ಕುತ್ತಾಳೆ. ಆಮೇಲೆ ಪಿತ್ತ ತಂಪಾಗಲಿ ಅಂತ ಒಂದು ಬಟ್ಟಲು ಎಮ್ಮೆ ಹಾಲು ಕುಡಿಸುತ್ತಾಳೆ. ದದ್ದು ಹೆಚ್ಚಾಗುತ್ತದೆ. ಹೆಚ್ಚಾಯಿತಲ್ಲ ಅಂತ ಎರಡು ಬಟ್ಟಲು ಕುಡಿಸುತ್ತಾಳೆ.

(ಓದುಗರೇ, ನಿಮಗೆ ಗೊತ್ತಾಯಿತು. ನನಗಂತೂ ಮೊದಲೇ ಗೊತ್ತು. ರೇವಮ್ಮನಿಗೆ ಮಾತ್ರ ಗೊತ್ತಿಲ್ಲ. ಸುಮ್ಮನಿರಲು ನನ್ನಿಂದ ಆಗಲಿಲ್ಲ, ಕಥೆಯೊಳಗೆ ನುಗ್ಗಿದೆ.)

“ಆಯಿ, ಅದು ಅಲರ್ಜಿ. ಹಾಲೇ ಅದಕ್ಕ ಕಾರಣ.”

“ನೀ ಯಾರಪಾ?”

“ಈ ಕಥಿ ಬರಿಯಾವ.”

“ಬರಿ. ಹಾಲಿಗಿ ಮಾತ್ರ ಬೈಬ್ಯಾಡ. ಎಮ್ಮಿ ಸಾಕಿದಾಕಿ ನಾನು, ನೀ ಅಲ್ಲ.”

೨

ನನ್ನ ಮಾತು ನಡೆಯಲಿಲ್ಲ. ಜೇವರ್ಗಿಯಿಂದ ಹಕೀಮ ಬುರಾನುದ್ದೀನರನ್ನು ಕರೆಸಬೇಕಾಯಿತು. (ಮೊದಲು ಅವರಿಗೆ ಬಿಳಿ ಗಡ್ಡ ಕೊಟ್ಟಿದ್ದೆ. ಎಲ್ಲ ಕಥೆಗಳಲ್ಲೂ ಹಕೀಮರಿಗೆ ಗಡ್ಡ ಇರುತ್ತದೆ ಅಂತ ಬೋಳಿಸಿದೆ. ಅವರು ಬೇಸರ ಮಾಡಿಕೊಂಡರು.)

“ದದ್ದು ಯಾವಾಗ ಏಳ್ತಾವ?” ಅಂತ ಹಕೀಮರು ಕೇಳಿದರು.

“ಮುಂಜಾನಿರಿ, ಹಾಲು ಕುಡುದ ಮ್ಯಾಲ.”

“ಸಂಜಿಕ?”

“ಸಂಜಿಕೂ… ಹಾಲು ಕುಡುದ ಮ್ಯಾಲೇರಿ.” ರೇವಮ್ಮನ ದನಿ ಅರ್ಧಕ್ಕೇ ಇಳಿಯಿತು. ಪಾಪ ಅನ್ನಿಸಿತು ನನಗೆ.

“ಇವತ್ತಿಂದ ಹಾಲು ಬಂದ್. ಮೊಸರು, ಮಜ್ಜಿಗಿನೂ ಬ್ಯಾಡ.”

“ಎಲುಬು ಹ್ಯಾಂಗ ಬಲೀತಾವ್ರಿ ಸಾಬ್ರೇ? ಕೂಸಿನ ಕಾಲು ಸೊಟ್ಟ ಆದ್ರ?”

ಇಲ್ಲಿ ಹಕೀಮರ ಬಾಯಲ್ಲಿ ‘ಕ್ಯಾಲ್ಸಿಯಂ’ ಅನ್ನಿಸಬೇಕು ಅಂತ ಬಹಳ ಆಸೆಯಿತ್ತು. ಅವರು ಸುತರಾಂ ಒಪ್ಪಲಿಲ್ಲ. ತಮ್ಮ ಮಾತಲ್ಲೇ ಹೇಳಿದರು: “ನಿಮ್ಮ ಎಮ್ಮಿ ಈಗ ಹಾಲು ಕುಡುದು ನಿಂತದೇನ್ರಿ? ಸೊಪ್ಪು ತಪ್ಪಲ ತಿಂದು ನಿಂತದ. ಹುಡುಗಿಗೂ ನುಗ್ಗಿ ತಪ್ಪಲ ಕೊಡ್ರಿ. ಕರಿ ಎಳ್ಳು ಹುರುದು ಕುಟ್ಟಿ, ರೊಟ್ಟಿ ಜೋಡಿ ಕೊಡ್ರಿ.”

ನಾನು ಇದಕ್ಕಿಂತ ಚೆನ್ನಾಗಿ ಬರೆಯುತ್ತಿರಲಿಲ್ಲ. ಗಡ್ಡ ವಾಪಸ್ ಕೊಟ್ಟೆ.

೩

ಆರು ದಿನ ಸಕ್ಕುವಿನ ಮೈ ತಿಳಿಯಾಗಿತ್ತು. ಏಳನೆಯ ದಿನ ಮತ್ತೆ ದದ್ದು! ರೇವಮ್ಮ ಜೋಳದ ಹಿಟ್ಟಿಗೆ ನೀರಿನ ಬದಲು ಹಾಲು ಹಾಕಿ ನಾದಿದ್ದಳು. ನನ್ನನ್ನು ಬಿಟ್ಟು ಯಾರೂ ನೋಡಿರಲಿಲ್ಲ.

“ಯಾಕ ಆಯಿ ಹಿಂಗ್ ಮಾಡಿದಿ?”

“ಅಂಜಿಕಿ ಬಂತಪಾ. ನಿನ್ನೆ ಅಂಗಳದಾಗ ಓಡಾಕ ಹೋಗಿ ಎರಡು ಸಲ ಬಿದ್ದಳು. ಎಲುಬು ಸೋತಾವ ಅಂತ ತಿಳದೆ.” ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನಾಚಿಕೆಯಾಯಿತು. ಸಕ್ಕು ಬಿದ್ದದ್ದು ಕಲ್ಲು ಎಡವಿ. ವಾಸ್ತವಿಕವಾಗಿರಲಿ ಅಂತ ಅಂಗಳದಲ್ಲಿ ಆ ಕಲ್ಲು ಇಟ್ಟವನು ನಾನೇ. ತಪ್ಪೊಪ್ಪಿಕೊಂಡು ಕಲ್ಲಿದ್ದ ವಾಕ್ಯವನ್ನು ಹೊಡೆದು ಹಾಕಿದೆ.

“ನಿನ್ನ ಕೈ ಮುರೀಲಿ!” ಅಂತ ಬೈದಳು ರೇವಮ್ಮ. ಮರುಕ್ಷಣವೇ, “ಬ್ಯಾಡ, ಬ್ಯಾಡ. ಕಥಿ ಮುಗೀಲಿ ಮೊದಲ,” ಅಂದಳು.

೪

ಮುಗಿಸಲು ಎರಡು ದಾರಿ ಬರೆದಿದ್ದೇನೆ.

(ಅ) ಹತ್ತು ತುಂಬುವಷ್ಟರಲ್ಲಿ ಸಕ್ಕುವಿಗೆ ಹಾಲು ತಾನಾಗಿಯೇ ಒಗ್ಗುತ್ತದೆ.

(ಆ) ಒಗ್ಗುವುದೇ ಇಲ್ಲ. ಆದರೆ ಎಳ್ಳು, ನುಗ್ಗೆಸೊಪ್ಪು ತಿಂದೇ ಗಟ್ಟಿಮುಟ್ಟಾಗಿ ಬೆಳೆಯುತ್ತಾಳೆ, ಎಂಬತ್ತಾದರೂ ಕೋಲು ಹಿಡಿಯುವುದಿಲ್ಲ.

ಎರಡನ್ನೂ ರೇವಮ್ಮನಿಗೆ ಓದಿ ಹೇಳಿದೆ. ಎರಡನ್ನೂ ತಳ್ಳಿಹಾಕಿದಳು.

“ಅಷ್ಟು ದೂರದ್ದು ತಗೊಂಡು ಏನ್ ಮಾಡ್ಲಿ? ಅಷ್ಟೊತ್ತಿಗಿ ನಾ ಇರ್ತೇನೇನು? ನಾಳಿದು ಹೇಳು.”

ಬರೆದೆ: ಮರುದಿನ ಬೆಳಿಗ್ಗೆ ಸಕ್ಕುವಿನ ಮೈಮೇಲೆ ಒಂದೂ ದದ್ದಿರಲಿಲ್ಲ. ನೀರಲ್ಲಿ ನಾದಿದ ರೊಟ್ಟಿ, ಎಳ್ಳು ಕುಟ್ಟಿದ ಹಿಂಡಿ ತಿಂದಳು. ಓಡಿದಳು. ಬೀಳಲಿಲ್ಲ.

ಇನ್ನು ಸಾಕು ಅಂತ ಪೆನ್ನಿಗೆ ಮುಚ್ಚಳ ಹಾಕಲು ಹೋದೆ. ರೇವಮ್ಮ ಪಕ್ಕಕ್ಕೆ ಬಂದು ಕೂತು ನನ್ನ ಕೈ ಹಿಡಿದಳು.

“ನಾಡಿದ್ದು?”