ನಡುವಿನ ಹಾಳೆ

ಅಪ್ಪ ಸತ್ತ ಮೇಲೆ ತಮ್ಮ ಒಳ್ಳೆಯವನಾಗಿಬಿಟ್ಟ. ಅವಳಿಗೆ ಅನುಮಾನ ಶುರುವಾದದ್ದೇ ಅಲ್ಲಿಂದ. ನಲವತ್ತು ವರ್ಷ ‘ಏ’ ಎಂದು ಕರೆದವನು ಈಗ ಮಾತುಮಾತಿಗೆ ‘ಅಕ್ಕ’ ಎನ್ನುತ್ತಿದ್ದ. ಅವಳು ಬಂದರೆ ಕುರ್ಚಿ ಎಳೆದು ಕೊಡುತ್ತಿದ್ದ. ಮೂರನೆಯ ಸಲ ಕುರ್ಚಿ ಎಳೆದ ದಿನ ಅಪ್ಪನ ವಿಲ್ ಹೊರಗೆ ಬಂತು.

ಬೈಂಡಿಂಗ್ ಅಂಗಡಿ, ಅದರ ಮೇಲಿನ ಮನೆ, ಎರಡೂ ತಮ್ಮನಿಗೆ. ಅವಳ ಹೆಸರು ಹುಡುಕಿದರೂ ಇಲ್ಲ. ಇಪ್ಪತ್ತೆರಡು ವರ್ಷ ಅಪ್ಪನ ಎದುರು ಕೂತು ಪುಸ್ತಕ ಹೊಲಿದವಳು ಅವಳು. ತಮ್ಮನೋ, ಅಂಟಿನ ಡಬ್ಬಿ ಕಂಡರೆ ಮೂಗು ಮುಚ್ಚಿಕೊಳ್ಳುವ ಪೈಕಿ. ಈಗ ತಿಂಗಳ ಕೊನೆಗೆ ಅಂಗಡಿಯ ಬೀಗದ ಕೈ ಅವನಿಗೆ ಕೊಟ್ಟು ಅವಳು ಬೀದಿಗಿಳಿಯಬೇಕು.

“ಅಪ್ಪ ಹೀಗೆ ಬರೆಯೋರಲ್ಲ,” ಎಂದಳು, ನೆಂಟರೆಲ್ಲ ಇದ್ದಾಗಲೇ. “ಇದರಲ್ಲಿ ಏನೋ ಕೈವಾಡ ಇದೆ.”

“ನಾನೇನೂ ಮಾಡಿಲ್ಲಪ್ಪ,” ಎಂದ ತಮ್ಮ.

“ಕುಂಬಳಕಾಯಿ ಕಳ್ಳ ಅಂದೆ ಅಷ್ಟೆ. ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೊಂಡೆ?”

ಚಿಕ್ಕಪ್ಪ ಕೆಮ್ಮಿ, ಈ ವರ್ಷ ಸೆಕೆ ಜಾಸ್ತಿ ಎಂದರು.

ಅವಳು ಹಿಡಿದ ವಕೀಲಮ್ಮ ಮೂಲ ಪ್ರತಿ ತರಿಸಿದರು. ತಮ್ಮನೇ ತಂದ. “ನೋಡ್ಕೋ ಅಕ್ಕ, ಹರಿದು ಗಿರಿದು ಹಾಕ್ಬೇಡ,” ಎಂದು ಮೇಜಿನ ಮೇಲಿಟ್ಟು, ಗಾಜಿನ ಬಾಗಿಲ ಆಚೆ ಬೆಂಚಿನ ಮೇಲೆ ಕೂತು, ರೆಪ್ಪೆ ಬಡಿಯದೆ ಕಾವಲಿದ್ದ.

ಟೈಪ್ ಮಾಡಿದ ಮೂರು ಹಾಳೆ. ಅಪ್ಪನದೂ ಸಾಕ್ಷಿಗಳದೂ ಸಹಿಯೆಲ್ಲ ಕೊನೆಯದರಲ್ಲಿ, ಮೂರು ವರ್ಷ ಹಿಂದಿನ ತಾರೀಖಿನ ಜೊತೆ. ಆಸ್ತಿ ಯಾರಿಗೆಂಬ ಮಾತು ನಡುವಿನದರಲ್ಲಿ. ಬೇರೆಯವರಾದರೆ ಪಿನ್ ಹೊಡೆಯುತ್ತಿದ್ದರು. ಅಪ್ಪ ಎಡ ಅಂಚಿನಲ್ಲಿ ನೀಟಾಗಿ ಹೊಲಿದಿದ್ದರು.

ಅವಳು ಹಾಳೆಗಳನ್ನು ಒಂದೊಂದಾಗಿ ಅಗಲಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಮೊದಲ ಹಾಳೆಯ ಅಂಚಿನಲ್ಲಿ ಎಂಟು ತೂತು: ನಾಲ್ಕರಲ್ಲಿ ದಾರ, ನಾಲ್ಕು ಖಾಲಿ. ಕೊನೆಯದರಲ್ಲೂ ಹಾಗೇ. ನಡುವಿನದರಲ್ಲಿ ಮಾತ್ರ ನಾಲ್ಕೇ ನಾಲ್ಕು, ದಾರ ಇರುವವು.

“ಹೊಲಿಗೆ ಬಿಚ್ಚಿ, ನಡುವಿನ ಹಾಳೆ ಬದಲಿಸಿ, ಮತ್ತೆ ಹೊಲಿದಿದಾರೆ,” ಎಂದಳು.

ವಕೀಲಮ್ಮ ಕನ್ನಡಕ ಏರಿಸಿಕೊಂಡರು. “ಸಾಕ್ಷಿಗಳು ಸಹಿ ಹಾಕಿದ ಮೇಲೆ ಹಾಳೆ ಬದಲಾಗಿದ್ರೆ ಈ ವಿಲ್ ನಿಲ್ಲಲ್ಲ ಕಣಮ್ಮ. ಇಬ್ಬರಿಗೂ ಸಮಪಾಲು.”

ಅವಳು ಗಾಜಿನಾಚೆ ನೋಡಿದಳು. ಸಿಕ್ಕಿಬಿದ್ದವನು ಸ್ಕೂಟರಿನ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ನೋಡಲು ಹಿತವಾಗಿತ್ತು. ಆ ಹಿತ ಒಂದು ನಿಮಿಷವೂ ಬಾಳಲಿಲ್ಲ.

ಕಳ್ಳನಾದವನು ದಾರವನ್ನು ಹಳೆಯ ತೂತಿನಲ್ಲೇ ಪೋಣಿಸುತ್ತಿದ್ದ, ಯಾರಪ್ಪನಿಗೂ ಗೊತ್ತಾಗುತ್ತಿರಲಿಲ್ಲ. ಕಷ್ಟಪಟ್ಟು ಪಕ್ಕದಲ್ಲಿ ಹೊಸ ನಾಲ್ಕು ತೂತು ಕೊರೆದು ಸುಳಿವು ಬಿಡುವ ಮಹಾನುಭಾವ ಯಾರು? “ಹಳೇ ತೂತಿಗೆ ಹೊಸ ದಾರ ಹಾಕೋನು ಬೈಂಡರ್ ಅಲ್ಲ,” ಎಂದು ಅಪ್ಪ ಅವಳ ಬೆರಳಿಗೆ ಸ್ಕೇಲಿನಿಂದ ಹೊಡೆದು ಕಲಿಸಿದ್ದರು. ಹಳೆಯ ತೂತು ಸಡಿಲ, ಹಾಳೆ ಅಲ್ಲಾಡುತ್ತದೆ. ಮಗಳನ್ನು ಕಿತ್ತುಹಾಕುವಾಗಲೂ ಕೆಲಸ ಕೆಡಿಸಲು ಅವರಿಗೆ ಮನಸ್ಸು ಬಂದಿರಲಿಲ್ಲ.

ಹೊಸ ತೂತುಗಳ ಸಾಲು ತುಸು ಅಂಕುಡೊಂಕು. ಹೋದ ವರ್ಷ ಗಿರಾಕಿಯ ಎದುರೇ, “ಬಿಡಪ್ಪ, ನಿನ್ನ ಕೈ ನಡುಗತ್ತೆ,” ಎಂದು ಅವರಿಂದ ಸೂಜಿ ಕಿತ್ತುಕೊಂಡಿದ್ದಳು. ಆಮೇಲೆ ಒಂದು ವಾರ ಅಪ್ಪ ಮಹಡಿಯಿಂದ ಇಳಿದಿರಲಿಲ್ಲ. ಮೇಲೆ ಕೂತು ಏನು ಮಾಡುತ್ತಿದ್ದರೆಂದು ಅವಳು ಕೇಳಿರಲೂ ಇಲ್ಲ.

“ಬದಲಿಸಿದ್ದು ತಮ್ಮ ಅಂತ ಅರ್ಜೀಲಿ ಹಾಕಿಬಿಡೋಣ,” ಎಂದರು ವಕೀಲಮ್ಮ. “ವಿಲ್ ಇದ್ದದ್ದು ಅವನ ಹತ್ರಾನೇ. ಜನ ನಂಬ್ತಾರೆ.”

ನಂಬುತ್ತಾರೆ. ನೆಂಟರು ಆಗಲೇ ಅರ್ಧ ನಂಬಿದ್ದರು. ಅವಳು ದಾರದ ಗಂಟನ್ನು ಬೆರಳಲ್ಲಿ ಸವರಿದಳು.

“ಅವನಿಗೆ ಇದು ಬರಲ್ಲ. ಅಪ್ಪನೇ ಮಾಡಿರೋದು.”

“ಖಾತ್ರೀನಾ?”

“ಖಾತ್ರಿ.” ಅಪ್ಪನ ಕಿವಿಯಲ್ಲಿ ಊದಿದ್ದು ಯಾರು ಎಂಬುದು ಮಾತ್ರ ಖಾತ್ರಿಯಿರಲಿಲ್ಲ, ಅದಕ್ಕೆ ಯಾವ ತೂತೂ ಸಿಗುವಂತಿರಲಿಲ್ಲ.

“ಯಾರು ಬದಲಿಸಿದ್ರೂ ಕಾನೂನಿಗೆ ಒಂದೇ.” ವಕೀಲಮ್ಮ ಹಾಳೆಗಳನ್ನು ಜೋಡಿಸಿಟ್ಟರು. “ಅಪ್ಪನಿಗೇ ನಿಮಗೆ ಕೊಡೋ ಇಷ್ಟ ಇರ್ಲಿಲ್ಲ ಅಂತ ಗೊತ್ತಾದ ಮೇಲೂ ಕೇಸು ಹಾಕ್ತೀರಾ?”

“ಇಪ್ಪತ್ತೆರಡು ವರ್ಷ ಕೂತಿದೀನಿ ಅಲ್ಲಿ. ಹಾಕಿ,” ಎಂದಳು. “ಆದ್ರೆ ಬದಲಿಸಿದ್ದು ಅಪ್ಪ ಅಂತಲೇ ಬರೀರಿ.”

ವಕೀಲಮ್ಮ ಪೆನ್ನು ತೆಗೆದುಕೊಂಡರು. ಅವರು ಅದನ್ನೇ ಬರೆಯುತ್ತಿದ್ದಾರೆಯೇ ಎಂದು ಅವಳು ಕತ್ತು ಚಾಚಿ ನೋಡಿದಳು.