ಕುಣಿ ಕಳೆದುಕೊಂಡ ಮಗ್ಗ

ನಾನು ಒಂದು ಕುಣಿಮಗ್ಗ. ಬರೀ ಮರವಲ್ಲ, ನೇಕಾರರು ಕಾಲು ಇಳಿಬಿಟ್ಟು ಕೂರುವ ನೆಲದ ಕುಣಿಯೂ ಸೇರಿದರೇ ನಾನು. ಮಲಪ್ರಭೆಯ ದಂಡೆಯ ಊರೊಂದರಲ್ಲಿ ಗುರುಸಿದ್ದಪ್ಪ ಎಂಬ ನೇಕಾರ ಬಡಿಗನನ್ನು ಮನೆಗೇ ಕರೆಸಿ ನನ್ನನ್ನು ಮಾಡಿಸಿದ. ಕುಣಿ ತೋಡಿದ್ದು ಅವನ ಕಾಲಿನ ಅಳತೆಗೆ. ಮೂವತ್ತು ವರ್ಷ ನಾನು ನೋಡಿದ್ದು ಅವನ ಪಾದಗಳನ್ನೇ.

ಅವನ ಕಣ್ಣು ಮಂಜಾದ ಮೇಲೆ ಸೊಸೆ ಅಂಬವ್ವ ಬಂದು ಕೂತಳು. ಗಂಡ ತೀರಿಹೋಗಿದ್ದ, ಮನೆಯ ಒಲೆ ಉರಿಯುತ್ತಿದ್ದುದು ನನ್ನಿಂದ. ಬಲಗಾಲು, ಎಡಗಾಲು, ನಡುವೆ ಲಾಳಿ. ಸಿಟ್ಟು ಬಂದ ದಿನ ಜೋರಾಗಿ ತುಳಿಯುತ್ತಿದ್ದಳು, ನಾನು ಕಿರುಗುಟ್ಟಿದರೆ ನನಗೇ ಬೈಯುತ್ತಿದ್ದಳು.

ಹೊಳೆ ಏರಿದಾಗಲೆಲ್ಲ ನೀರು ಮೊದಲು ಇಳಿಯುವುದು ಕುಣಿಗೆ. ಹೋದ ನೆರೆಯಲ್ಲಿ ಅಂಬವ್ವ, ನೇಯುತ್ತಿದ್ದ ಸೀರೆಯ ಸೆರಗಿನ ಕೊನೆಯ ಗೇಣು ಮುಗಿಸಿಯೇ ಏಳುತ್ತೇನೆಂದು ಹಟ ಹಿಡಿದಳು. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು. ತುಳಿಯುವ ಹಲಗೆಗಳ ನಡುವೆ ಪಾದ ಸಿಕ್ಕಿಕೊಂಡಿತು. ಓಣಿಯವರು ಬಂದು ಎಳೆದು ತೆಗೆದರು. ಅವಳನ್ನು ಹಿಡಿದಿಟ್ಟದ್ದು ನಾನೇ ಎಂಬ ಸಂಕಟ ಇವತ್ತಿಗೂ ಇದೆ. ಮರುದಿನ ಮನೆ ಕುಸಿಯಿತು. ಮಾವ, ಸೊಸೆ, ಬಿಚ್ಚಿ ಕಟ್ಟಿದ ನಾನು, ಮೂವರೂ ತಗಡಿನ ಶೆಡ್ಡು ಸೇರಿದೆವು.

ಹೊಸ ಮನೆಗೆ ಪರವಾನಗಿ ಬೇಕಿತ್ತು. ನೆರೆ ಮುಟ್ಟಿದ ಮಟ್ಟಕ್ಕೆ ಕಂಬದ ಮೇಲೆ ಕೆಂಪು ಗೆರೆ ಎಳೆದಿದ್ದರು. ಮನೆಯ ನೆಲ ಅದಕ್ಕಿಂತ ಎರಡು ಅಡಿ ಮೇಲಿರಬೇಕು ಎಂಬುದು ನಿಯಮ. ಅಂಬವ್ವ ಅಷ್ಟೂ ಎತ್ತರಕ್ಕೆ ಕಲ್ಲಿನ ಕಟ್ಟೆ ಕಟ್ಟಿಸಿದಳು. ಆದರೆ ನಮ್ಮ ಓಣಿಯ ಪದ್ಧತಿಯಲ್ಲಿ ಮೊದಲು ಮಗ್ಗದ ಕುಣಿಗೆ ಪೂಜೆ, ಆಮೇಲೆ ಗೋಡೆ. ಎಂಜಿನಿಯರ್ ಅಳತೆಗೆ ಬರುವ ದಿನವೇ ಒಳ್ಳೆಯ ದಿನವೆಂದು ಕುಣಿ ತೋಡಿಸಿ, ಅರಿಸಿನ ಕುಂಕುಮ ಏರಿಸಿ, ಸಾಹೇಬರ ಕೈಯಿಂದಲೇ ಕಾಯಿ ಒಡೆಸಿದಳು! ಆತ ಭಕ್ತಿಯಿಂದ ಒಡೆದ. ಆಮೇಲೆ ಟೇಪು ಬಿಚ್ಚಿ ಕುಣಿಯ ತಳಕ್ಕೆ ಇಳಿಸಿದ.

“ಯವ್ವಾ, ಇದು ಗೆರಿಗಿಂತ ಕೆಳಗ ಹೋತಲ್ಲ. ಮುಚ್ಚಬೇಕಾಗ್ತದ.”

“ಹಂಗಂದ್ರ ಕಾಲು ಎಲ್ಲಿ ಇಡ್ಲಿರಿ ಸಾಹೇಬ್ರ? ಬೇಕಾದ್ರ ಕಟ್ಟಿ ಇನ್ನೂ ಎತ್ತರ ಮಾಡ್ತೀನ್ರಿ.”

“ಇದಕ್ಕಿಂತ ಏರಿಸಾಕ ಪರವಾನಗಿ ಇಲ್ಲವ್ವ, ನೀರು ಮಗ್ಗಲ ಮನಿಗೆ ತಿರುಗ್ತದ. ಹೋದ ಸಲ ನಿಮ್ಮನ್ನ ಕುಣಿಯಿಂದ ಎಳದು ತಗದಾರಂತಲ್ಲ, ಮರತ್ರೇನು?”

ಆತ ಸುಳ್ಳು ಹೇಳಲಿಲ್ಲ. ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಕುಣಿ ಮುಚ್ಚದಿದ್ದರೆ ಪರವಾನಗಿ ಇಲ್ಲ, ಮುದುಕ ಮಾವನಿಗೆ ಶೆಡ್ಡೇ ಗತಿ; ಮುಚ್ಚಿದರೆ ಮಗ್ಗವಿಲ್ಲ. ಮೂರನೆಯ ದಿನ ಅಂಬವ್ವ, ನೆಲ ಅಗೆಯುವುದಿಲ್ಲವೆಂಬ ಮುಚ್ಚಳಿಕೆಗೆ ಸಹಿ ಹಾಕಿ ಬಂದಳು. ಆಳುಗಳನ್ನು ಮುಟ್ಟಗೊಡದೆ ತಾನೇ ಬುಟ್ಟಿಯಲ್ಲಿ ಮಣ್ಣು ಹೊತ್ತು ಕುಣಿ ಮುಚ್ಚಿದಳು.

ಮನೆ ಎದ್ದಿತು. ನನ್ನನ್ನು ಹಗ್ಗದಲ್ಲಿ ಬಿಗಿದು ಮೂಲೆಗೆ ಒರಗಿಸಿದರು. ಕುಣಿಯಿಲ್ಲದೆ ನಾನು ಬರೀ ಕಟ್ಟಿಗೆ.

ಈ ವರ್ಷ ಹೊಳೆ ಮತ್ತೆ ಬಂತು. ಕಟ್ಟೆಯ ಮೂರನೆಯ ಮೆಟ್ಟಿಲಿಗೆ ನಿಂತಿತು. ಒಳಗೆ ಒಂದು ಹನಿ ಇಲ್ಲ; ಗುರುಸಿದ್ದಪ್ಪ ಬೆಚ್ಚಗೆ ಮಲಗಿದ್ದ. ಬೆಳಿಗ್ಗೆ ಅಂಬವ್ವ ಕಟ್ಟೆಯ ಅಂಚಿಗೆ ಕೂತು, ನೀರಿನ ಮೇಲೆ ಕಾಲು ಇಳಿಬಿಟ್ಟಳು. ಸ್ವಲ್ಪ ಹೊತ್ತಿಗೆ ಅವಳ ಕಾಲುಗಳು ತಾವಾಗಿಯೇ ಆಡತೊಡಗಿದವು. ತಟ್ಟನೆ ತಿರುಗಿ ನನ್ನನ್ನು ಕಂಡಳು. “ನೀ ನೋಡಬ್ಯಾಡ,” ಎಂದು ಎದ್ದು ಬಂದು ನನ್ನ ಮೇಲೆ ಕೌದಿ ಎಳೆದಳು.

ಈಗ ಏನೂ ಕಾಣುವುದಿಲ್ಲ. ಮತ್ತೆ ಹೋಗಿ ಕೂತ ಅವಳ ಹಿಮ್ಮಡಿ ಕಟ್ಟೆಯ ಕಲ್ಲಿಗೆ ಬಡಿಯುವುದು ಮಾತ್ರ ಕೇಳುತ್ತದೆ. ಬಲ, ಎಡ. ಬಲ, ಎಡ. ಹೀಗೇ ತುಳಿದರೆ ಮಧ್ಯಾಹ್ನದ ಹೊತ್ತಿಗೆ ಒಂದು ಮೊಳ ಸೀರೆ ಆಗಬೇಕಿತ್ತು.