ಚೆಂಡಿನ ಬಾರು

"ಒಳಗೆ ಬಾರೋ ರೆಜ್, ಬಾಗ್ಲು ಹಾಕು, ಚಳಿ ಹೊಡೀತಿದೆ. ನಿಂಗೆ ಯಾವಾಗ್ಲೂ ಅಂಚಲ್ಲಿ ನಿಲ್ಲೋದೇ ಚಟ," ಎಂದು ಆಲ್ಫ್ ಗದರಿದ. ಆಲ್ಫ್ ಹಿಂದೆ ರೆಜ್ ಆಡುತ್ತಿದ್ದ ಫುಟ್‌ಬಾಲ್ ತಂಡದ ಗೋಲ್‌ಕೀಪರ್.

ರೆಜ್ ಥ್ರೆಲ್‌ಫಾಲ್ ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದ. ಅದೇ ತಂಡದ ಲೆನ್‌ನನ್ನು ಮಣ್ಣು ಮಾಡಿ ಬಂದವರು ಪುಟ್ಟ ಚರ್ಚಿನ ಹಿಂದಿನ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು.

ಆಟದಲ್ಲಿ ರೆಜ್ ಮೈದಾನದ ಎಡ ಅಂಚಿನಲ್ಲಿ ಓಡಿ ಚೆಂಡನ್ನು ಎತ್ತಿ ಕಳಿಸುತ್ತಿದ್ದ. ಲೆನ್ ಗೋಲಿನ ಮುಂದೆ ನೆಗೆದು ಅದಕ್ಕೆ ಹಣೆ ಕೊಡುತ್ತಿದ್ದ. ಊರಿನವರು ಇಬ್ಬರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಮುಪ್ಪಿನಲ್ಲಿ ಲೆನ್‌ಗೆ ಹೆಂಡತಿಯ ಗುರುತೂ ಅಳಿಸಿಹೋಯಿತು. ಮಳೆಯಲ್ಲಿ ನೆನೆದು ಕಲ್ಲಾದ ಚರ್ಮದ ಚೆಂಡಿಗೆ ತಲೆ ಕೊಟ್ಟದ್ದೇ ಕಾರಣವಿರಬೇಕೆಂದು ವೈದ್ಯರು ಹೇಳಿದರು. ಅಂದಿನಿಂದ ರೆಜ್ ಲೆನ್‌ನ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಚೆಂಡು ಕಳಿಸಿದವನು ತಾನೇ ಅಲ್ಲವೇ? ಪ್ರಾರ್ಥನೆಯಲ್ಲಿ ಲೆನ್‌ನ ಹೆಸರು ಹೇಳುತ್ತಿದ್ದ. ಅವನ ಹೆಂಡತಿ ವಿನಿಯ ಮುಖ ನೋಡುವ ಧೈರ್ಯವನ್ನು ಮಾತ್ರ ದೇವರು ಕೊಟ್ಟಿರಲಿಲ್ಲ.

ವಿನಿ ಚಹಾದ ಕೆಟಲ್ ಹಿಡಿದು ನೇರ ಅವನ ಬಳಿಗೇ ಬಂದಳು.

"ಸತ್ತ ಮೇಲೆ ದಾರಿ ಗೊತ್ತಾಯ್ತಾ ನಿಂಗೆ?"

"ವಿನಿ, ಆ ಚೆಂಡುಗಳನ್ನೆಲ್ಲ... ನಾನೇ..."

"ಅಯ್ಯೋ, ಅಷ್ಟಕ್ಕೇನಾ ತಲೆ ಮರೆಸ್ಕೊಂಡಿದ್ದೆ?" ಅವಳು ಕೆಟಲ್ ಕೆಳಗಿಟ್ಟಳು. "ನಿನ್ನನ್ನೇ ಒಂದು ಮಾತು ಕೇಳ್ಬೇಕಿತ್ತು. ಕೊನೇಲಿ ಮುಖ ಒರೆಸೋಕೆ ಹೋದ್ರೆ ಲೆನ್ ಹೆದರ್ತಿದ್ದ, ಒದ್ದಾಡ್ತಿದ್ದ. ಆಮೇಲೆ ತಾನೇ, 'ಬಾರು ಆಚೆ ಇದೆ, ರೆಜ್ ಕಳ್ಸಿದ್ದು' ಅಂತ ಹೇಳ್ಕೊಂಡು ಕಣ್ಮುಚ್ಚಿ ಹಣೆ ಕೊಡ್ತಿದ್ದ. ಏನದು?"

ರೆಜ್ ಟೋಪಿಯನ್ನು ಮೇಜಿನ ಮೇಲಿಟ್ಟ.

"ಆಗಿನ ಚೆಂಡಿನ ಬಾಯಿಗೆ ಶೂ ಲೇಸ್ ಥರ ಚರ್ಮದ ಬಾರು ಬಿಗೀತಿದ್ರು, ವಿನಿ. ಅದು ತಾಗಿದ್ರೆ ಹಣೆ ಸೀಳ್ತಿತ್ತು. ಅದಕ್ಕೇ ಬಾರು ಆಚೆ ತಿರುಗಿರೋ ಹಾಗೆ ಒದೀತಿದ್ದೆ. ಕೆಲವು ಸಲ ತಪ್ತಿತ್ತು."

"ಅಂದ್ರೆ ನೀನು ಕಳ್ಸಿದ್ದು ಅಂದ್ಕೊಂಡಾಗ ಅವ್ನಿಗೆ ಭಯ ಇರ್ಲಿಲ್ಲ."

"ಇರ್ಲಿಲ್ಲ."

ವಿನಿ ಕುರ್ಚಿಯ ಮೇಲೆ ಮೆಲ್ಲಗೆ ಕುಳಿತಳು. ಬೆಳಗಿನಿಂದ ಅವಳು ಕುಳಿತೇ ಇರಲಿಲ್ಲ.

"ಸುಳ್ಳು ಕಣಮ್ಮ," ಎಂದ ಆಲ್ಫ್, ಬಾಯಿ ತುಂಬ ಬ್ರೆಡ್ಡು. "ಅಭ್ಯಾಸದಲ್ಲಿ ನಂಗೆ ಮಾತ್ರ ಬಾರು ಈಚೆಗೇ ಬರ್ತಿತ್ತು. ಈ ಸೊಟ್ಟ ಮೂಗು ನೋಡು!"

ವಿನಿ ನಕ್ಕಳು, ಕಣ್ಣೊರೆಸಿಕೊಂಡಳು, ಹ್ಯಾಮ್ ಸ್ಯಾಂಡ್‌ವಿಚ್ಚಿನ ತಟ್ಟೆಯನ್ನು ರೆಜ್‌ನ ಕಡೆಗೆ ತಳ್ಳಿದಳು. ರೆಜ್ ಒಂದು ತಿಂದ. ಸ್ವಲ್ಪ ತಡೆದು, ಯಾರೂ ಹೇಳದೆಯೇ, ಇನ್ನೊಂದಕ್ಕೆ ಕೈ ಚಾಚಿದ.